ಕಲ್ಲುಬಾನಿಯಲ್ಲಿ ಉಳಿದ ಒಂದು ಗೊದಮೊಟ್ಟೆ

ಚಪ್ಪಲಿ ಸದ್ದು ಬಾನಿಯ ಹತ್ತಿರ ನಿಂತಿತು, ಓನರ್ ಲಕ್ಷ್ಮಮ್ಮನವರದೇ, ಎಡಗಾಲು ಎಳೆದು ಹಾಕುತ್ತಾರೆ, ನಾನು ಹೊಲಿಗೆ ಮಷೀನಿನ ಚಕ್ರ ಹಿಡಿದು ನಿಲ್ಲಿಸಿದೆ, ಕಿಟಕಿಯ ಪರದೆ ಬೆರಳಷ್ಟು ಸರಿಸಿದೆ — ಬಗ್ಗಿ ನೋಡುತ್ತಿದ್ದಾರೆ, ಕೈ ಸೆರಗಿನೊಳಗೆ, ಸೆರಗಿನೊಳಗೆ ಏನು, ಪುಡಿಯೇ ಇರಬೇಕು, ಬ್ಲೀಚಿಂಗ್ ಪುಡಿ, ಮಳೆಗಾಲದಲ್ಲಿ ಮೋರಿಗೆ ಉದುರಿಸುತ್ತಾರಲ್ಲ ಅದು. ಬಾನಿ ಕೊಟ್ಟವರೂ ಅವರೇ, ಗೊಟ್ಟಿಗೆರೆ ಇನ್ನೂ ಹಳ್ಳಿಯಾಗಿದ್ದಾಗ ಅವರ ಹಸು ನೀರು ಕುಡಿಯುತ್ತಿದ್ದ ಕಲ್ಲುಬಾನಿ, ತಗೋಳೆ ಶಿವವ್ವ, ಏನಾದ್ರೂ ಮಾಡ್ಕೋ, ನಮಗೇನು ಈಗ ಹಸುವಾ ಎಮ್ಮೆಯಾ ಅಂದರು, ಬಾಡಿಗೆಯವಳಿಗೆ ಯಾರಾದರೂ ಸುಮ್ಮನೆ ಏನನ್ನಾದರೂ ಕೊಡುತ್ತಾರೆಯೇ, ಆಗಲೇ ಅನುಮಾನ ಪಡಬೇಕಿತ್ತು. ಮೇ ತಿಂಗಳ ಮಳೆಗೆ ಅದು ತುಂಬಿತು, ಒಳಗೆ ಒಡೆದ ಹೆಂಚು ಮೆಟ್ಟಿಲಿನ ಹಾಗೆ ಜೋಡಿಸಿದೆ, ಕಾಲು ಬಂದ ಮೇಲೆ ಕಪ್ಪೆಮರಿಗಳು ಹತ್ತಿ ಹೊರಬರಬೇಕಲ್ಲ, ಸುತ್ತ ಕೆಸವು, ಒಂದೆಲಗ, ದೊಡ್ಡ ಕಪ್ಪೆ ಅಡಗಿ ಕೂರಲಿ ಎಂದು ಮೂಲೆಯ ಒಣ ಎಲೆ ಗುಡಿಸದೆ ಬಿಟ್ಟೆ, ಅದಕ್ಕೂ ಲಕ್ಷ್ಮಮ್ಮ, ಗುಡಿಸೋಕೆ ಸೋಮಾರಿತನ, ಕಪ್ಪೆ ಹೆಸರು ಬೇರೆ ಅಂದರು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟಾಗಿನಿಂದ ನಾನು ಯಾರಿಗೆ ಉತ್ತರ ಕೊಟ್ಟಿದ್ದೇನೆ. ಒಂದು ಬೆಳಿಗ್ಗೆ ಕೆಸವಿನ ಎಲೆಗೆ ಮುಷ್ಟಿಯಷ್ಟು ನೊರೆ, ನೀರಿನ ಮೇಲೆ ತೂಗುತ್ತ, ಮಹಡಿ ಮನೆಯ ಚಿದಾನಂದ್ ಕಾರು ತೊಳೆದ ಸೋಪು, ಬೇಕಂತಲೇ ಎರಚಿದ್ದಾನೆ ಎಂದುಕೊಂಡೆ, ಮೊದಲೇ ಹೇಳಿದ್ದನಲ್ಲ, ಆಂಟಿ, ಆನ್‌ಲೈನ್ ಮೀಟಿಂಗಲ್ಲಿ ನನಗಿಂತ ನಿಮ್ಮ ಕಪ್ಪೇನೇ ಜಾಸ್ತಿ ಮಾತಾಡುತ್ತೆ, ಈ ಸಲ ಪ್ರಮೋಷನ್ ಅದಕ್ಕೇ — ನಗಿಸುವವರನ್ನು ನಾನು ನಂಬುವುದಿಲ್ಲ, ಎರಡು ದಿನ ಅವನ ಬಕೆಟ್ ಕಾವಲು ಕಾದೆ. ನೊರೆ ಕೆಳಗಿನಿಂದ ಕರಗಿತು, ಅದರೊಳಗಿಂದ ಗೊದಮೊಟ್ಟೆಗಳು ಒಂದೊಂದಾಗಿ ನೀರಿಗೆ ತೊಟ್ಟಿಕ್ಕಿದವು, ಮರಗಪ್ಪೆಯ ಗೂಡು, ಸೋಪಲ್ಲ, ಹೋಗಲಿ, ಆಗ ತಪ್ಪು ತಿಳಿದೆ, ಈಗ ಸಾಕ್ಷಿ ಇದೆ.

ಸಾಕ್ಷಿ ಏನೆಂದರೆ ಸೋಮವಾರ ಮತ್ತು ಗುರುವಾರ, ಆ ಎರಡೇ ದಿನ ಸಾಯುತ್ತವೆ, ಬಿಳಿ ಹೊಟ್ಟೆ ಮೇಲಾಗಿ ತೇಲುತ್ತವೆ, ಮೊದಲು ಹತ್ತು, ಆಮೇಲೆ ಎಣಿಸಲಿಲ್ಲ, ನಡುವಿನ ದಿನಗಳಲ್ಲಿ ಒಂದಕ್ಕೂ ಏನೂ ಆಗುವುದಿಲ್ಲ. ಕಾವೇರಿ ನೀರು ಬಿಡುವ ದಿನಗಳು ಅವು, ಎಲ್ಲರೂ ಹಿತ್ತಲ ನಲ್ಲಿಗೆ ಬರುತ್ತಾರೆ, ಗದ್ದಲದಲ್ಲಿ ಯಾರ ಕೈ ಎಲ್ಲಿ ಹೋಯಿತೋ ಯಾರು ನೋಡುತ್ತಾರೆ, ಕಳ್ಳ ಸಂತೆಯ ದಿನವೇ ಬರುವುದು, ಬಾನಿಗೆ ಮೂಗು ಒಡ್ಡಿ ನೋಡಿದೆ, ಸಣ್ಣಗೆ ಬ್ಲೀಚಿಂಗ್ ವಾಸನೆ. ನಾನೇನು ಕಡಿಮೆ ಮಾಡಿದ್ದೆ ಅವಕ್ಕೆ, ಪಾಚಿಗಟ್ಟಿದ ಹಳೇ ನೀರನ್ನು ಚೊಂಬಿನಲ್ಲಿ ಎತ್ತಿ ಚೆಲ್ಲಿ, ಬೋರಿನ ಸವಳು ನೀರು ಬೇಡವೆಂದು ನಾವು ಕುಡಿಯುವ ನೀರನ್ನೇ ಬಿಂದಿಗೆಯಲ್ಲಿ ತಂದು ತುಂಬಿಸಿದೆ, ನಮ್ಮೂರಲ್ಲಿ ಬಾಣಂತಿಗೂ ಹಸುಗೂಸಿಗೂ ದೂರದ ಬಾವಿಯಿಂದ ಸಿಹಿನೀರು ಹೊರುತ್ತಾರೆ, ಅವ್ವ ಹೊತ್ತಿದ್ದಾಳೆ, ನಾನೂ ಹೊತ್ತಿದ್ದೇನೆ. ಒಂದೇ ಒಂದು ಉಳಿದಿದೆ, ಹಿಂದಿನ ಕಾಲು ಎರಡೂ ಬಂದಿವೆ, ಇನ್ನೊಂದು ವಾರ ಬದುಕಿದರೆ ಹೆಂಚು ಹತ್ತುತ್ತದೆ, ಇವತ್ತು ಗುರುವಾರ, ಅದಕ್ಕೇ ಬೆಳಿಗ್ಗೆ ನಲ್ಲಿ ಹತ್ತಿರ ಬಾಯಿ ಬಿಟ್ಟೆ, ಅಮ್ಮಾ, ಪುಡಿ ಹಾಕಿ ಸಾಯಿಸ್ತಿರೋದು ನೀವೇ ತಾನೇ, ಎಲ್ಲರೂ ಇದ್ದರು, ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಲಕ್ಷ್ಮಮ್ಮ ಕೊಡ ಕೆಳಗಿಟ್ಟರು, ನಾನಾ, ಕಪ್ಪೆ ಕೂಗ್ತು ಅಂದ್ರೆ ಮಳೆ ಬಂತು ಅಂತ ರಾಗಿ ಬಿತ್ತೋಕೆ ಹೊಲಕ್ಕೆ ಓಡ್ತಿದ್ದ ಮನೆ ಕಣೇ ನಮ್ದು, ಪುಡಿ ಡಬ್ಬ ಖಾಲಿಯಾಗಿ ಎರಡು ತಿಂಗಳಾಯ್ತು, ಬಂದು ನೋಡ್ಕೋ ಹೋಗು ಅಂದರು, ಮೆಟ್ಟಿಲ ಮೇಲಿಂದ ಚಿದಾನಂದ್, ಕಪ್ಪೆಗೊಂದು ಸಿಸಿಟಿವಿ ಹಾಕ್ಸಿ ಆಂಟಿ ಎಂದ, ಎಲ್ಲರೂ ನಕ್ಕರು, ಲಕ್ಷ್ಮಮ್ಮ ಒಬ್ಬರು ನಗಲಿಲ್ಲ. ಬಿಂದಿಗೆ ಒಳಗೆ ತಂದು ಬಾಗಿಲು ಹಾಕಿಕೊಂಡೆ, ಆಗಿನಿಂದ ಕಿಟಕಿ ಬಿಟ್ಟು ಎದ್ದಿಲ್ಲ.

ಈಗ ಸೆರಗಿನಿಂದ ಕೈ ಹೊರಬಂತು, ಹಸಿರು, ಬೇಯಿಸಿದ ದಂಟಿನ ಸೊಪ್ಪು, ಕಿವುಚಿ ಕಿವುಚಿ ನೀರಿಗೆ ಬಿಡುತ್ತಿದ್ದಾರೆ, ಉಗುರಿನಷ್ಟು, ಮಗುವಿಗೆ ತಿನ್ನಿಸುವ ಹಾಗೆ — ನಾಟಕವಿರಬಹುದು, ನಾನು ನೋಡುತ್ತಿದ್ದೇನೆಂದು ಗೊತ್ತಿರಬಹುದು, ಬೆಳಗಿನ ಬಿಂದಿಗೆ ಬಗ್ಗಿಸಿ ಲೋಟ ತುಂಬಿ ಬಾಯಿಗಿಟ್ಟೆ, ವಾಸನೆ. ಬ್ಲೀಚಿಂಗ್ ವಾಸನೆ. ನನ್ನ ಬಿಂದಿಗೆಗೂ ಹಾಕಿದರೇ, ಯಾವಾಗ, ಚಿಲಕ ಹಾಕಿದೆ, ಯಾರೂ ಬಂದಿಲ್ಲ, ನಲ್ಲಿಯಿಂದ ನಾನೇ ಹಿಡಿದದ್ದು, ನಾನೇ ಹೊತ್ತದ್ದು, ಹಿಡಿದ ದಿನ ಯಾವಾಗಲೂ ಹೀಗೇ ವಾಸನೆ ಇರುತ್ತದೆ, ಮಾರನೇ ದಿನ ಇರುವುದಿಲ್ಲ, ನಲ್ಲಿಗೆ ಬಿಡುವ ಮೊದಲೇ ನೀರಿಗೆ ಪುಡಿ ಬೆರೆಸಿರುತ್ತಾರಲ್ಲ, ಸೋಮವಾರ ನಾನು ತುಂಬಿಸಿದೆ, ಗುರುವಾರ ನಾನು ತುಂಬಿಸಿದೆ, ಇವತ್ತು ಜಗಳಕ್ಕೆ ಮೊದಲು, ಒಂದೇ ಉಳಿದಿದೆಯಲ್ಲ ಪಾಪ ಎಂದು, ಎರಡು ಬಿಂದಿಗೆ — ಶಿವವ್ವ, ಲಕ್ಷ್ಮಮ್ಮ ಕರೆಯುತ್ತಿದ್ದಾರೆ, ದನಿಯಲ್ಲಿ ಸಿಟ್ಟಿಲ್ಲ, ಬಾರವ್ವ ಇಲ್ಲಿ, ಬೇಗ ಬಾ, ಚಿಲಕ ತೆಗೆಯಬೇಕು, ಲೋಟ ಕೈಯಲ್ಲೇ ಇದೆ, ಹೋಗಿ ನೋಡಬೇಕಾಗಿಲ್ಲ, ಇಲ್ಲಿಂದಲೇ ಕಾಣುತ್ತದೆ, ಬಿಳಿ ಹೊಟ್ಟೆ, ಅದರ ಕೆಳಗೆ ಹೊಸ ಕಾಲು ಎರಡು ಚಾಚಿಕೊಂಡು, ಬಿಳಿ ಹೊಟ್ಟೆ, ಎರಡು ಕಾಲು, ಬಿಳಿ