ಬಳಚಿನ ಹಾಡಿನ ಸೈಟು

ನಮ್ಮ ಅವ್ವ ಮಾದೇವಿ ಅಘನಾಶಿನಿಯಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದಳು. ಹೊಳೆಯ ನೀರು ಇಳಿದ ಹೊತ್ತಿಗೆ ಕೆಸರಿನಲ್ಲಿ ನಿಂತು, ಚಿಪ್ಪು ತಡಕುತ್ತ ಹಾಡುತ್ತಿದ್ದಳು. ಆ ಹಾಡನ್ನು ನಾನು ಒಮ್ಮೆ ಫೋನಿನಲ್ಲಿ ಹಿಡಿದಿದ್ದೆ. ಗಾಳಿಯ ಸದ್ದು, ಬುಟ್ಟಿಗೆ ಚಿಪ್ಪು ಬೀಳುವ ಸದ್ದು, ಅದರ ಮೇಲೆ ಅವ್ವನ ದನಿ. ಅವಳು ತೀರಿಕೊಂಡ ಮೇಲೆ ಆ ಫೋನೂ ನನ್ನ ಸೊಂಟದಿಂದ ಜಾರಿ ಅದೇ ಹೊಳೆಗೆ ಬಿತ್ತು. ಆಗ ನಾನು ಅಷ್ಟು ಅಳಲಿಲ್ಲ. ಹಾಡು ಪೋರ್ಟಲ್‌ನಲ್ಲಿತ್ತು.

ಪೋರ್ಟಲ್ ನಾನು ಕೆಲಸಕ್ಕೆ ಹೋಗುವ ಒಕ್ಕೂಟದ್ದು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಮಹಿಳಾ ಸಂಘಗಳಿಗೆ ಅದರಲ್ಲಿ ಒಂದೊಂದು ಸೈಟು. ಕುಮಟೆಯ ಆಫೀಸಿನಲ್ಲಿ ಅದನ್ನೆಲ್ಲ ನೋಡಿಕೊಳ್ಳುವವನು ಹರೀಶಣ್ಣ. ನಾನು ಶಾಲೆ ಅರ್ಧಕ್ಕೆ ಬಿಟ್ಟವಳು. ಅಲ್ಲಿ ಕಸ ಗುಡಿಸಿ ಚಹಾ ಕೊಡಲು ಸೇರಿದ್ದೆ. ಹರೀಶಣ್ಣನ ಬೆನ್ನ ಹಿಂದೆ ನಿಂತು ನೋಡಿ ನೋಡಿ, ಫೋಟೊ ಹಾಕುವುದು, ಹೆಸರು ಬದಲಿಸುವುದು ಬಂತು. ಒಂದು ದಿನ ಅವನೇ ಕುರ್ಚಿ ಎಳೆದು ಕೂರಿಸಿದ.

ಎಲ್ಲಕ್ಕಿಂತ ಮೊದಲು ನಾನು ಮಾಡಿದ್ದು ನಮ್ಮೂರಿನ ಬಳಚಿನ ಸಂಘದ ಸೈಟು. ಮೇಲೆ ಹೊಳೆಯ ಫೋಟೊ, ಕೆಳಗೆ ಒಂದು ಗುಂಡಿ. ಒತ್ತಿದರೆ ಅವ್ವ ಹಾಡುತ್ತಿದ್ದಳು. ಚಂದ ಬಂದಿದೆ ಎಂದು ಹರೀಶಣ್ಣ ಅದನ್ನೇ ಟೆಂಪ್ಲೇಟು ಮಾಡಿದ. ಟೆಂಪ್ಲೇಟು ಅಂದರೆ ಎಂತ ಎಂದು ಕೇಳಿದ್ದಕ್ಕೆ, ನಿನ್ನ ಅಪ್ಪನ ಇಟ್ಟಿಗೆ ಅಚ್ಚು ಇದ್ದ ಹಾಗೆ ಎಂದ. ನಮ್ಮಪ್ಪ ಮಿರ್ಜಾನಿನಲ್ಲಿ ಸಿಮೆಂಟ್ ಇಟ್ಟಿಗೆ ಮಾಡುವ ಕಡೆ ಕೆಲಸಕ್ಕೆ ಹೋಗುತ್ತಾನೆ. ಹಾಗಾಗಿ ನನಗೆ ಥಟ್ಟನೆ ಅರ್ಥವಾಯಿತು. ಆಮೇಲೆ ಬಂದ ಸಂಘಗಳ ಸೈಟುಗಳೆಲ್ಲ ಅದರಿಂದಲೇ ಆದವು. ಅವರವರ ಹೆಸರು, ಅವರವರ ಸಾಮಾನು. ಹಾಡು ಮಾತ್ರ ಎಲ್ಲದರಲ್ಲೂ ಅವ್ವನದು. ಅವ್ವ ಹೊನ್ನಾವರದ ಆಚೆಗೆ ಹೋದವಳೇ ಅಲ್ಲ. ಅವಳ ದನಿ ಭಟ್ಕಳದವರೆಗೆ ಹೋಯಿತು. ಸಂಜೆ ಮನೆಯಲ್ಲಿ ನನ್ನ ಹೊಸ ಫೋನಿನಲ್ಲಿ ಹಾಕಿದರೆ ಅಪ್ಪ ಗೋಡೆಗೆ ಒರಗಿ ಕೇಳುತ್ತಿದ್ದ.

ಭಟ್ಕಳದ ಮಲ್ಲಿಗೆ ಸಂಘದವರು ಮೀಟಿಂಗಿನಲ್ಲಿ ತಕರಾರು ತೆಗೆದರು. ಹೂವು ಮಾರುವ ಪೇಜಿನಲ್ಲಿ ಬಳಚಿನ ಹಾಡು ಯಾಕೆ, ಗಿರಾಕಿಗೆ ಮೀನಿನ ವಾಸನೆ ಬರುತ್ತದೆ ಎಂದು ಒಬ್ಬಳು ನಗಿಸಿದಳು. ನಾನೂ ಬಾಗಿಲ ಹತ್ತಿರ ನಿಂತು ನಕ್ಕೆ. ಇನ್ನು ಹೊಸ ಸಂಘಗಳಿಗೆ ಆ ಹಾಡು ಬೇಡ, ಹಳಬರು ಬೇಕಾದರೆ ಇಟ್ಟುಕೊಳ್ಳಲಿ ಎಂದು ತೀರ್ಮಾನವಾಯಿತು. ಟೆಂಪ್ಲೇಟಿನಿಂದ ಅದನ್ನು ತೆಗೆಯುವ ಕೆಲಸ ನನಗೆ ಬಂತು.

ತೆಗೆಯುವ ಮುಂಚೆ ಒಮ್ಮೆ ಕೇಳಿದೆ. ಭಯವೇನೂ ಇರಲಿಲ್ಲ. ಅಚ್ಚು ಒಡೆದರೂ ಒಣಗಿದ ಇಟ್ಟಿಗೆಗೆ ಏನೂ ಆಗುವುದಿಲ್ಲ. ಅದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ತೆಗೆದೆ. ಆಮೇಲೆ ನಮ್ಮೂರಿನ ಸೈಟು ತೆರೆದೆ. ಗುಂಡಿ ಇರಲಿಲ್ಲ. ಮಿರ್ಜಾನಿನದು ತೆರೆದೆ, ಕತಗಾಲದ್ದು ತೆರೆದೆ. ಎಲ್ಲೂ ಇರಲಿಲ್ಲ.

ಹರೀಶಣ್ಣ ಬಂದು ಒಂದೊಂದೇ ಸೈಟು ತೆರೆದು ನೋಡಿದ.

"ಇದು ಅಚ್ಚಲ್ಲ ಮಾರಾಯ್ತಿ," ಎಂದ. "ಟಾಂಕಿ. ನಳ ಎಷ್ಟಿದ್ರೂ ನೀರು ಒಂದೇ ಕಡೆದು. ಅಚ್ಚು ಹೇಳಿ ನಾನೇ ತಪ್ಪು ಹೇಳ್ಕೊಟ್ಟೆ."

ಸೈಟುಗಳನ್ನು ಟೆಂಪ್ಲೇಟಿನ ಜೋಡಣೆಯಿಂದ ಬಿಡಿಸಿಟ್ಟಿದ್ದರೆ ಉಳಿಯುತ್ತಿತ್ತಂತೆ. ಪೋರ್ಟಲ್ ನಡೆಸುವವರಿಗೆ ಅವನು ಮತ್ತೆ ಮತ್ತೆ ಫೋನ್ ಮಾಡಿದ. ಅಳಿಸಿದ್ದು ಹೋಯಿತು, ಇನ್ನೊಂದು ಪ್ರತಿ ಇಲ್ಲ ಎಂದರು. ಸಂಜೆ ಅಪ್ಪ ಹಾಡು ಹಾಕು ಎಂದಾಗ ನೆಟ್ ಇಲ್ಲ ಎಂದೆ. ಮರುದಿನವೂ ಅದನ್ನೇ ಹೇಳಿದೆ. ಅವನು ಫೋನನ್ನೂ ನನ್ನನ್ನೂ ನೋಡಿ, ಆತು ಎಂದು ಒಳಗೆ ಹೋದ.

ಯಾರಾದರೂ ಹಾಡನ್ನು ತಮ್ಮ ಫೋನಿಗೆ ಇಳಿಸಿಟ್ಟುಕೊಂಡಿರಬಹುದು ಎಂದು ಸಂಘಗಳಿಗೆಲ್ಲ ನಾನೇ ಫೋನ್ ಮಾಡಿದೆ. ಗುರುತಿಲ್ಲದವರ ಹತ್ತಿರ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಎಲ್ಲರೂ ಇಲ್ಲ ಎಂದರು. ಕತಗಾಲದಲ್ಲಿ ಹಲಸಿನ ಹಪ್ಪಳ ಮಾಡುವ ಸಂಘದ ಜಯಶ್ರೀ ಅಕ್ಕ ಮಾತ್ರ, "ಮೊಬೈಲಲ್ಲಿ ಇಲ್ಲೆ ತಂಗಿ. ಆದ್ರೆ ಆ ಹಾಡು ನಂಗೆ ಬಾಯಲ್ಲೇ ಬತ್ತು. ಮನೆಗೆ ಬಾ," ಎಂದಳು.

ಭಾನುವಾರ ಬಸ್ಸು ಹತ್ತಿ ಹೋದೆ. ಅಂಗಳದಲ್ಲಿ ಹಪ್ಪಳ ಒಣಗಿತ್ತು. ಹಪ್ಪಳ ತಟ್ಟುವಾಗ ದಿನಾ ಅವ್ವನ ಹಾಡು ಹಾಕುತ್ತಿದ್ದಳಂತೆ. ಕೈ ಬೇಗ ಓಡುತ್ತಿತ್ತಂತೆ. ನನಗೆ ನೀರು ಬೆಲ್ಲ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹಾಡತೊಡಗಿದಳು.

ರಾಗ ಅದೇ. ಎಳೆಯುವ ಕಡೆ ಎಳೆದಳು. ಮೂರನೇ ಸಾಲಿನ ನಡುವೆ ಒಂದು ಕ್ಷಣ ನಿಂತಳು. ಅಲ್ಲಿ ಅವ್ವ ಕೆಮ್ಮಿದ್ದಳು. ಇವಳು ಅದನ್ನೂ ಹಾಡಿನದೇ ಎಂದುಕೊಂಡಿದ್ದಳು. ನಾನು ನೆಲ ನೋಡುತ್ತ ಕೂತೆ. ಆಮೇಲೆ ಆ ಸಾಲು ಬಂತು.

"ಇಳಿ ಇಳಿ ಹೊಳೆತಾಯೆ, ನನ್ನ ಮಾಲು ಕಾಲಿಡ್ತಾಳೆ."

ಅವ್ವ ಹಾಡುವಾಗ ಅಲ್ಲಿ ಅಂಕಿ ಎಂದಿತ್ತು. ಅಂಕಿತಾ ಎಂಬ ನನ್ನನ್ನು ಹಾಗೆ ಕರೆಯುತ್ತಿದ್ದವಳು ಅವಳೊಬ್ಬಳೇ. ಮಾಲು ಅಂದರೆ ಮಾಲತಿ, ಜಯಶ್ರೀ ಅಕ್ಕನ ಮಗಳು. ತಪ್ಪೇನೂ ಇಲ್ಲ. ಆ ಜಾಗದಲ್ಲಿ ಹಾಡುವವಳು ತನ್ನ ಮಗಳ ಹೆಸರನ್ನೇ ಹಾಕುವುದು. ಅಜ್ಜಿ ಸಣ್ಣಮ್ಮ ಹಾಡುವಾಗ ಅಲ್ಲಿ ಮಾದೇವಿ ಎಂದಿತ್ತಂತೆ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೂ ಅಂಕಿ ಎಂದು ಬಾಯೊಳಗೇ ಹೇಳಿಕೊಂಡೆ.

"ಸರಿ ಇದ್ದಾ?" ಎಂದು ಕೇಳಿದಳು.

"ಸರಿ ಇದೆ ಅಕ್ಕ."

ಹಾಗಾದರೆ ಇನ್ನೊಮ್ಮೆ ಹಾಡುತ್ತೇನೆ, ಫೋನಿನಲ್ಲಿ ಹಿಡಿದುಕೋ, ನಿನ್ನ ಅಪ್ಪನಿಗೆ ಕೇಳಿಸು ಎಂದಳು. ಅಷ್ಟು ಒಳ್ಳೆಯ ಮನಸ್ಸಿನಿಂದ ಹೇಳಿದವಳಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಫೋನ್ ತೆಗೆದು ಅವಳ ಮುಖದ ಹತ್ತಿರ ಹಿಡಿದೆ. ಅವಳು ಕಣ್ಣು ಮುಚ್ಚಿ ಮೊದಲಿನಿಂದ ಹಾಡಿದಳು. ಮುಗಿಯುವವರೆಗೂ ಹಾಗೇ ಹಿಡಿದುಕೊಂಡಿದ್ದೆ. ರೆಕಾರ್ಡ್ ಮಾತ್ರ ಒತ್ತಲಿಲ್ಲ.