ಬೆಟ್ಟ ಹತ್ತಿದ ಆರು ಜನ

ಕ್ಯಾರವಾನ್ ಓಡಿಸುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಅಡುಗೆಮನೆ, ಬಚ್ಚಲು, ಆರು ಹಾಸಿಗೆ ಎಲ್ಲವನ್ನೂ ಬೆನ್ನಿಗೆ ಹೊತ್ತ ಗಾಡಿ ಅದು. ಒಂದು ಬಾಡಿಗೆ ಮನೆಗೆ ಸ್ಟಿಯರಿಂಗ್ ಹಚ್ಚಿ ಬೆಟ್ಟ ಹತ್ತಿಸಿದ ಹಾಗೆ. ನಾನು ಹತ್ತಿಸಿದೆ. ಇಪ್ಪತ್ತಾರು ವರ್ಷದಿಂದ ಡ್ರೈವಿಂಗ್ ಶಾಲೆ ನಡೆಸುತ್ತಿರುವವನು ನಾನು. ನನ್ನ ಹತ್ತಿರ ಕಲಿತವರೆಲ್ಲ ಒಂದೇ ದಿನ ರಸ್ತೆಗಿಳಿದರೆ ಪೊಲೀಸರು ರಜೆ ಹಾಕಿ ಮನೆಗೆ ಹೋಗಬೇಕಾಗುತ್ತದೆ. ಎಪ್ಪತ್ತೆರಡು ತಿರುವುಗಳಲ್ಲಿ ಒಂದು ಚಮಚವೂ ಸದ್ದು ಮಾಡಲಿಲ್ಲ. ಭೇಷ್ ಅನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ, ಅಷ್ಟೇ.

ಇರಬೇಕಾಗಿತ್ತು. ಅಕ್ಕ, ಭಾವ, ಅವರ ಮಗಳು, ನನ್ನ ತಮ್ಮ, ತಮ್ಮನ ಹೆಂಡತಿ, ನಾನು, ಹೀಗೆ ಆರು ಜನರ ಲೆಕ್ಕದಲ್ಲೇ ಗಾಡಿ ಗೊತ್ತುಮಾಡಿದ್ದೆ. ಹೊರಡುವ ವಾರ ಭಾವನಿಗೆ ಮಂಡಿ ಹಿಡಿದುಕೊಂಡಿತು. ಅವರನ್ನು ಬಿಟ್ಟು ಅಕ್ಕ ಬರುವಂತಿರಲಿಲ್ಲ. ಹುಡುಗಿಗೆ ಪರೀಕ್ಷೆ. ತಮ್ಮನಿಗೆ ರಜೆ ಸಿಗಲಿಲ್ಲ. ಅವನ ಹೆಂಡತಿಗೆ ತಿರುವು ಎಂಬ ಮಾತು ಕೇಳಿದರೇ ತಲೆಸುತ್ತು. ಹೋಗಲಿ ಬಿಡಿ, ನನಗೊಬ್ಬನಿಗೇ ಆರು ಹಾಸಿಗೆ. ಯಾವ ರಾಜನಿಗಿತ್ತು ಆ ಭಾಗ್ಯ?

ಬೆಟ್ಟದ ಮೇಲಿನ ಊರೆಂದರೆ ಮೂರು ಬೀದಿ. ಒಂದು ಬೇಕರಿ, ಒಂದು ಶೂ ರಿಪೇರಿ ಅಂಗಡಿ, ಒಂದು ಶಾಲೆ. ಊರಾಚೆ, ಚಾರಣದ ದಾರಿ ಶುರುವಾಗುವಲ್ಲಿ, ಅರಣ್ಯದವರ ಚೌಕಿ. ಕಟ್ಟೆಯ ಮೇಲೆ ರಿಜಿಸ್ಟರ್: ಹೆಸರು, ಎಷ್ಟು ಜನ, ವಾಪಸ್ಸು ಎಷ್ಟು ಗಂಟೆಗೆ. ಗಾರ್ಡ್ ಮೇಡಂ ಹಿಂದೆಲ್ಲೋ ಗೇಟಿಗೆ ಬಣ್ಣ ಬಳಿಯುತ್ತಿದ್ದರು. ನನ್ನ ಮೇಲಿನ ಸಾಲಿನವನು ಒಂಬತ್ತು ಜನರನ್ನು ಕರೆತಂದಿದ್ದ. ಅವನ ಕೆಳಗೆ ‘ಒಂದು’ ಎಂದು ಬರೆಯಲು ಕೈ ಬರಲಿಲ್ಲ. ‘ಡ್ರೈವಿಂಗ್ ಮೇಷ್ಟ್ರ ಕುಟುಂಬ, ಆರು, ಮೂರು ಗಂಟೆಗೆ’ ಎಂದು ದಪ್ಪಕ್ಷರದಲ್ಲಿ ಬರೆದೆ.

ಆಮೇಲೆ ನಾಲ್ಕು ಶಿಖರ ಹತ್ತಿದೆ ಎಂದೇ ಊರಲ್ಲಿ ಹೇಳಿಕೊಂಡಿದ್ದೇನೆ. ನಿಜಕ್ಕೆ ಸ್ವಲ್ಪ ಹತ್ತಿರ ಬಂದು ಹೇಳುವುದಾದರೆ, ದಾರಿಬದಿಯ ಎರಡನೇ ಬೆಂಚಿನವರೆಗೆ ಹೋದೆ. ಕಾಲು ಗಟ್ಟಿಯಾಗಿಯೇ ಇತ್ತು. ಕಣಿವೆಯಲ್ಲಿ ಒಂದು ಮೋಡ ನಮ್ಮ ಶಾಲೆಯ ಹಳೇ ಕಾರಿನ ಹಾಗೆ ಎಳೆದಾಡಿಕೊಂಡು ಹೋಗುತ್ತಿತ್ತು. ಅದನ್ನು ತೋರಿಸೋಣವೆಂದು ಪಕ್ಕಕ್ಕೆ ತಿರುಗಿದೆ. ತಿರುಗಿದವನು ಹಾಗೇ ಕೆಳಗಿಳಿದು ಬಂದುಬಿಟ್ಟೆ. ರಿಜಿಸ್ಟರಿನ ನೆನಪಾಗಲಿಲ್ಲ. ಕ್ಯಾರವಾನಿನಲ್ಲಿ ಮುಸುಕು ಹಾಕಿ ಮಲಗಿದೆ.

ಎಚ್ಚರವಾದದ್ದು ಸೀಟಿಯ ಸದ್ದಿಗೆ. ನಾಲ್ಕೂವರೆ. ಮಂಜು ಎಷ್ಟು ದಟ್ಟವೆಂದರೆ ನನ್ನ ಮೂಗು ನನಗೇ ಕಾಣುತ್ತಿರಲಿಲ್ಲ. ಚೌಕಿಯ ಮುಂದೆ ಇಡೀ ಊರು ನೆರೆದಿತ್ತು. ಏನಾಯಿತು ಎಂದು ಒಬ್ಬ ಮುದುಕನನ್ನು ಕೇಳಿದೆ. ಬೆಟ್ಟ ಹತ್ತಿದ ಆರು ಜನ ಇಳಿದಿಲ್ಲವಂತೆ, ಬೇಕರಿಯವನೂ ಇನ್ನು ಮೂವರೂ ಹಗ್ಗ ತೆಗೆದುಕೊಂಡು ಹುಡುಕಲು ಹೋಗಿದ್ದಾರಂತೆ. ಇಂಥ ಮಂಜಿನಲ್ಲಿ ಹತ್ತುವ ಬುದ್ಧಿಗೇಡಿಗಳಿಗೆ ನಾನಾಗಿದ್ದರೆ ಲೈಸೆನ್ಸೇ ಕೊಡುತ್ತಿರಲಿಲ್ಲ ಎಂದು ಐದು ನಿಮಿಷ ಭಾಷಣ ಬಿಗಿದೆ. ನಾಲ್ಕಾರು ಜನ ತಲೆಯಾಡಿಸಿದರು.

"ಯಾರೋ ಡ್ರೈವಿಂಗ್ ಮೇಷ್ಟ್ರಂತೆ, ಪಾಪ, ಇಡೀ ಕುಟುಂಬ," ಎಂದ ಮುದುಕ.

ಜನರನ್ನು ಸರಿಸಿಕೊಂಡು ಮೇಡಂ ಹತ್ತಿರ ಹೋದೆ.

"ಆ ಮೇಷ್ಟ್ರು ನಾನೇ."

"ಉಳಿದೋರು?"

"ಬಂದೇ ಇಲ್ಲ. ಮನೇಲಿದ್ದಾರೆ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹೀಗೆ ‘ಉಳಿದವರು ಮನೆಗೆ ಹೋದರು’ ಎಂದವನ ಮಾತು ನಂಬಿ ಹಿಂದೊಮ್ಮೆ ಇಬ್ಬರನ್ನು ಬೆಟ್ಟದ ಮೇಲೇ ಬಿಟ್ಟಿದ್ದರಂತೆ. ಹುಡುಕಲು ಹೋದವರು ಇನ್ನು ಕಾಲು ಗಂಟೆಯಲ್ಲಿ ಜಾರುಬಂಡೆ ತಲುಪುತ್ತಾರೆ, ಅದನ್ನು ದಾಟಿದರೆ ವೈರ್‌ಲೆಸ್ ಕೇಳಿಸುವುದಿಲ್ಲ, ಈ ಮಂಜಿನಲ್ಲಿ ಅಲ್ಲಿ ಕಾಲಿಡುವುದೇ ಅಪಾಯ ಎಂದರು.

"ನಿಮ್ಮ ಬಾಯಿಮಾತಿನ ಮೇಲೆ ಅವರನ್ನ ವಾಪಸ್ ಕರೆಯೋಕಾಗಲ್ಲ. ಐದೂ ಜನರ ದನಿ ನಾನೇ ಕೇಳ್ಬೇಕು. ಫೋನ್ ಮಾಡಿ, ಸ್ಪೀಕರ್ ಹಾಕಿ."

ಐದು ಜನ ಮೂರು ಕಡೆ. ಯಾರು ಎತ್ತುತ್ತಾರೋ, ಯಾರು ಬಿಡುತ್ತಾರೋ. ಅಕ್ಕನ ನಂಬರ್ ಒತ್ತಿದೆ.

ಎತ್ತಿದೊಡನೆ ತಟ್ಟೆ ಲೋಟಗಳ ಸದ್ದು. ಹಿಂದಿನಿಂದ ಹುಡುಗಿಯ ದನಿ: "ಮಾಮನಾ? ನಾನು ಓದ್ತಿದ್ದೀನಿ ಅಂತ ಹೇಳಮ್ಮ."

ಆಮೇಲೊಂದು ನಗು. ನನ್ನ ತಮ್ಮನದು. ಅವನು ತೊಟ್ಟಿಲಲ್ಲಿದ್ದಾಗ ಅವನಿಗೆ ನಗುವುದನ್ನು ಕಲಿಸಿದವನೇ ನಾನು, ಗೊತ್ತಾಗದೆ ಇರುತ್ತದೆಯೇ? ಮೇಡಂ ನನ್ನ ಕೈಯಿಂದ ಫೋನ್ ತೆಗೆದುಕೊಂಡು ವಿಷಯ ಹೇಳಿದರು. ಒಬ್ಬೊಬ್ಬರಾಗಿ ಬಂದು ಹೆಸರು ಹೇಳಿದರು. ತಮ್ಮನ ಹೆಂಡತಿ ಹೇಳಿದಳು. ಭಾವ ಮಾತ್ರ ಸ್ವಲ್ಪ ತಡ ಮಾಡಿದರು. "ತಾಳಿ, ಬಲ್ಬ್ ಹಾಕ್ತಾ ಸ್ಟೂಲ್ ಮೇಲಿದ್ದೀನಿ, ಇಳಿದು ಬಂದೆ," ಎಂದರು. ಮೇಡಂ ಒಂದೊಂದೇ ಬೆರಳು ಮಡಚಿದರು. ಐದನೆಯದು ಮಡಚಿದ ಕೂಡಲೇ ವೈರ್‌ಲೆಸ್ ಎತ್ತಿಕೊಂಡು ಹೊರಗೆ ಓಡಿದರು. ಒಂದೇ ಫೋನಿನಲ್ಲಿ ಕೆಲಸವಾಯಿತು. ಅದೃಷ್ಟ ಎಂದರೆ ನನ್ನದೇ.

ಫೋನ್ ನನ್ನ ಕೈಗೆ ಬಂದಿತ್ತು. ಅಕ್ಕ ಇನ್ನೂ ಇದ್ದಳು.

"ನೀನಿದ್ರೆ ಬೇರೆಯವರಿಗೆ ಬಾಯಿ ತೆರೆಯೋಕೆ ಸಂದಿನೇ ಇರಲ್ಲ ಕಣೋ. ಎರಡು ದಿನ ಸುಮ್ನೆ ಕೂತಿರೋಣ ಅನ್ನಿಸ್ತು. ಬೇಜಾರಾಯ್ತಾ?"

"ಬೇಜಾರಾ? ಇಲ್ಲಿ ಊರಿಗೆ ಊರೇ ನನ್ನ ಸುತ್ತ ನಿಂತಿದೆ," ಎಂದೆ. ಆ ಹೊತ್ತಿಗೆ ಅದು ನಿಜವೂ ಆಗಿತ್ತು.

ಹುಡುಕಲು ಹೋದ ನಾಲ್ವರೂ ಇಳಿದು ಬರುವಷ್ಟರಲ್ಲಿ ಜನ ಕರಗಿದ್ದರು. ಮೂವರು ನನ್ನ ಕಡೆ ನೋಡದೆ ಹಗ್ಗ ಸುತ್ತಿಟ್ಟು ಹೊರಟರು. ಬೇಕರಿಯವನ ಅಂಗೈ ಬಂಡೆಗೆ ತರಚಿ ಸುಲಿದುಹೋಗಿತ್ತು. ಕೂರಿಸಿ, ತೊಳೆದು, ಬಟ್ಟೆ ಕಟ್ಟಿದೆ. ಇವನಿಗೆ ಹೇಳಲು ಕರಡಿ, ಭೂಕುಸಿತ, ಸೇತುವೆ ಮುರಿದದ್ದು ಎಲ್ಲವೂ ನಾಲಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು.

"ನಾನೊಬ್ಬನೇ ಬಂದದ್ದು. ಸುಳ್ಳು ಬರೆದೆ," ಎಂದೆ.

ಅವನು ಗಂಟನ್ನು ಎಳೆದು ನೋಡಿದ. "ಒಬ್ಬರು ಅಂತ ಬರೆದಿದ್ರೂ ನಾವು ಹತ್ತಿ ಹುಡುಕ್ತಿದ್ವಿ ಸಾರ್," ಎಂದ.

ಯಾವ ಮಾತಿಗೂ ನನ್ನಲ್ಲಿ ಹತ್ತು ಉತ್ತರ ತಯಾರಿರುತ್ತವೆ. ಇದಕ್ಕೆ ಒಂದನ್ನು ಹುಡುಕುವಷ್ಟರಲ್ಲಿ ಅವನು ಗೇಟು ದಾಟಿ, ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು, ಮಂಜಿನಲ್ಲಿ ತನ್ನ ಬೀದಿಗೆ ತಿರುಗಿಬಿಟ್ಟಿದ್ದ.