ಹೆಲ್ಗಾಳ ಹೆಸರಿದ್ದ ಬಂದೂಕು

ನನ್ನ ಭಾವ ಡ್ವೇನ್ ಕುಬಿಯಾಕ್‌ಗೆ ಹರೆಯದಲ್ಲಿ ಫಳಫಳ ಹೊಳೆಯುವ ಬಂದೂಕೇ ಬೇಕಿತ್ತು. ಸಿನಿಮಾದಲ್ಲಿ ಕಂಡ ಪಿಸ್ತೂಲು ವಾರದೊಳಗೆ ಅವನ ಕೈಯಲ್ಲಿರುತ್ತಿತ್ತು. ಆಮೇಲೆ ಸೈನ್ಯದ ಹಳೇ ರೈಫಲ್‌ಗಳ ಹುಚ್ಚು ಹಿಡಿಯಿತು. ಒಂದು ಬಂದರೆ ಅದರ ಅಣ್ಣತಮ್ಮಂದಿರೆಲ್ಲ ಬರಬೇಕು. ಕಬ್ಬಿಣದ ಕಪಾಟು ತುಂಬಿ, ಅವು ನನ್ನ ಅಕ್ಕ ಅರ್ಲೀನಳ ಬಟ್ಟೆಗಳ ನಡುವೆ ಬಂದು ನಿಂತವು.

“ರೀ, ಕೋಟ್ ತಗೊಳ್ಳೋಕೆ ಕೈ ಹಾಕಿದ್ರೆ ಬಂದೂಕಿನ ನಳಿಗೆ ಸಿಗುತ್ತೆ. ವಿಸ್ಕಾನ್ಸಿನ್ ಚಳೀಲಿ ಇದನ್ನೇ ಹೊದ್ಕೊಳ್ಲಾ?” ಎಂದು ಅಕ್ಕ ರೇಗಿದಳು.

ಭಾವ ಅರ್ಧಕ್ಕರ್ಧ ಮಾರಿದ. ಅರವತ್ತು ದಾಟಿದ ಮೇಲಂತೂ ರುಚಿಯೇ ಬದಲಾಯಿತು. ಮರದ ಹಿಡಿ ಸವೆದಿರಬೇಕು, ಅದರ ಮೇಲೆ ಯಾರದಾದರೂ ಹೆಸರಿರಬೇಕು. ಹೊಸದನ್ನು ಅವನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ಬಂದೂಕಿನ ಸಂತೆಗೆ ನಾನೂ ಭಾವನೂ ಹೋಗಿದ್ದೆವು. ಅಲ್ಲೊಂದು ಜೋಡುನಳಿಗೆಯ ಹಳೇ ಬಂದೂಕು. ಹಿಡಿಯ ಮೇಲೆ ಚಾಕುವಿನಲ್ಲಿ ಕೆತ್ತಿದ ಹೆಸರು: ಹೆಲ್ಗಾ, ಎಲ್ಕ್ ಕ್ರೀಕ್.

“ಭಾವ, ತುಕ್ಕು ಹಿಡಿದಿದೆ.”

“ಹಿಡೀಲಿ ಬಿಡೋ. ಯಾವುದೋ ಹುಡುಗಿ ಕೂತು ಕೆತ್ತಿದಾಳೆ.”

ಚೌಕಾಸಿ ಮಾಡದೆ ಕೊಂಡ. ಎಲ್ಕ್ ಕ್ರೀಕ್ ಪಕ್ಕದ ಊರೇ. ಅಲ್ಲಿನ ಬಾರಿನಲ್ಲಿ ವಿಚಾರಿಸಿದಾಗ ಊರಲ್ಲಿ ಹೆಲ್ಗಾ ಎಂಬಾಕೆ ಇರುವುದು ಒಬ್ಬಳೇ ಎಂದು ಮನೆಯ ದಾರಿ ಹೇಳಿದರು. ಬಂದೂಕನ್ನು ಕಂಬಳಿಯಲ್ಲಿ ಸುತ್ತಿಕೊಂಡು ಅವಳ ಮನೆಗೆ ಹೋದೆವು.

ಬಾಗಿಲು ತೆರೆದ ಎಂಬತ್ತರ ಮುದುಕಿ ಕಂಬಳಿ ಸರಿಸಿ ಹೆಸರು ನೋಡಿದಳು. ಮುಖ ಕೆಂಪಾಯಿತು.

“ಎರ್ಲಿಂಗ್! ಬಾರೋ ಇಲ್ಲಿ! ಕಳ್ಳರು ಕದ್ದರು ಅಂದ್ಯಲ್ಲ?”

ಒಳಗಿನಿಂದ ಅವಳ ತಮ್ಮ ಕಾಫಿ ಲೋಟ ಹಿಡಿದು ಬಂದವನು ಅಲ್ಲೇ ನಿಂತ. “ಅಯ್ಯೋ, ಇದು ಮತ್ತೆ ಬಂತಾ? ಅಕ್ಕಾ... ನೀನು ನರ್ಸಿಂಗ್ ಓದಕ್ಕೆ ಹೋದಾಗ ಇದನ್ನ ಕೊಟ್ಟು ಅಕಾರ್ಡಿಯನ್ ತಗೊಂಡೆ.”

“ಆ ದರಿದ್ರ ಪೆಟ್ಟಿಗೆನಾ? ನನ್ನ ಮದುವೇಲಿ ಬಾರಿಸಿದ್ದು?”

“ನೀನೇ ಕುಣಿದ್ಯಲ್ಲ!”

ಹೆಲ್ಗಾ ಬೈಯಲು ಬಾಯಿ ತೆರೆದಳು, ಬಂದದ್ದು ನಗು. ನಕ್ಕು ನಕ್ಕು ಬಾಗಿಲಿಗೆ ಆತುಕೊಂಡಳು. ಭಾವ ಬಂದೂಕನ್ನು ಅವಳ ಕೈಗಿಟ್ಟ. ಅವಳು ಹಣದ ಮಾತೆತ್ತಿದರೆ ಇವನು ಕೇಳಲೇ ಇಲ್ಲ. ಅದನ್ನು ಊಟದ ಮೇಜಿನ ಮೇಲುಗಡೆಯೇ ತೂಗುಹಾಕಿಸಿದಳು. “ನನ್ನ ತಮ್ಮ ತುತ್ತೆತ್ತಿದಾಗೆಲ್ಲ ಕಾಣ್ಲಿ,” ಎಂದಳು. ಎರ್ಲಿಂಗ್ ಅಟ್ಟದಿಂದ ಅಕಾರ್ಡಿಯನ್ ಇಳಿಸಿ ಪೋಲ್ಕಾ ಕುಣಿತದ ರಾಗ ನುಡಿಸಿದ. ಭಾವ ಹೆಲ್ಗಾಳೊಂದಿಗೆ ಅಡುಗೆಮನೆಯಲ್ಲೇ ಕುಣಿದ.

ಸಂತೆಗೆ ಹೋದವನು ಬರಿಗೈಯಲ್ಲಿ ಬಂದದ್ದು ಕಂಡು ಅಕ್ಕ ಅವನ ಹಣೆ ಮುಟ್ಟಿ ನೋಡಿದಳು. “ಜ್ವರ ಏನಿಲ್ವಲ್ಲ?”

“ಇಲ್ಲ ಕಣೇ,” ಎಂದ ಭಾವ, ಶಿಳ್ಳೆ ಹಾಕುತ್ತ ಬೂಟು ಬಿಚ್ಚಿದ. “ಮುಂದಿನ ಭಾನುವಾರ ಎಲ್ಕ್ ಕ್ರೀಕ್‌ಗೆ ನೀನೂ ಬಾ, ಕುಣಿಯೋಣ.”